ವೆಲ್ಡಿಂಗ್ ಬೇಡದ ವಾಲ್ವ್ ಕಿಟ್: ನಲ್ಲಿ ಚೆನ್ನ, ಕೈಪಿಡಿ ದಂಡ

ಮನೆಯಲ್ಲೇ ಬಿಯರ್ ಮಾಡಲೆಂದು, ಹಳೆಯ 50 ಲೀಟರ್ ಬಿಯರ್ ಕೆಗ್ಗನ್ನು (ಸ್ಟೀಲ್ ಪೀಪಾಯಿ) ನಲ್ಲಿಯಿರುವ ಕುದಿಸುವ ಹಂಡೆಯಾಗಿಸಲು ಈ ಕಿಟ್ ತರಿಸಿದೆ. ಬಾಲ್ ವಾಲ್ವ್, ಅಂದರೆ ನಲ್ಲಿ, ಗಟ್ಟಿಮುಟ್ಟಾಗಿದೆ. ಸಿಲಿಕೋನ್ ಉಂಗುರ ಕುದಿಯುವ ಮಾಲ್ಟ್ (ಮೊಳಕೆ ಧಾನ್ಯ) ರಸಕ್ಕೂ ಜಗ್ಗಲಿಲ್ಲ, ಒಂದು ಹನಿಯೂ ಸೋರಿಲ್ಲ. ಆದರೆ ಒಳಗಿನ ಒತ್ತಡವನ್ನು ಪೂರ್ತಿ ಬಿಟ್ಟ ಮೇಲೆಯೇ ಕೆಗ್ ಕತ್ತರಿಸಬೇಕೆಂಬ, ಜೀವಕ್ಕೆ ಸಂಬಂಧಿಸಿದ ಮಾತೇ ಕೈಪಿಡಿಯಲ್ಲಿಲ್ಲ! ಸ್ಟೇನ್‌ಲೆಸ್ ಸ್ಟೀಲ್ ಮಹಾ ಹಠಮಾರಿ. ಡ್ರಿಲ್ಲನ್ನು ಜೋರಾಗಿ ತಿರುಗಿಸಿದಷ್ಟೂ ಗಡುಸಾಗುತ್ತದೆ. ನಿಧಾನ ವೇಗ, ಬಿಗಿಯಾದ ಒತ್ತು, ಧಾರಾಳ ಎಣ್ಣೆ ಇದ್ದರೆ ರಂಧ್ರ ಸಲೀಸು. ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜದಿದ್ದರೆ ಉಂಗುರ ಹರಿದೀತು. ಇನ್ನೊಂದು ತಕರಾರು: ಕೆಗ್‌ನ ತಳ ಬಟ್ಟಲಿನಂತೆ ನಡುವೆ ತಗ್ಗು, ತಳದ ರಸವನ್ನು ನಲ್ಲಿಗೆ ಎಳೆಯುವ ಕಿಟ್‌ನ ಬಾಗುಕೊಳವೆ ಅಲ್ಲಿಗೆ ಮುಟ್ಟುವುದೇ ಇಲ್ಲ, ಉದ್ದನೆಯದನ್ನು ಬೇರೆಯಾಗಿ ಕೊಳ್ಳಬೇಕು. ಅಂದಹಾಗೆ, ಠೇವಣಿಯಿಟ್ಟು ತಂದ ಕೆಗ್ ಬಿಯರ್ ತಯಾರಕರ ಸ್ವತ್ತು. ಅದಕ್ಕೆ ಗರಗಸ ಹಚ್ಚಬೇಡಿ, ಮಾರಾಟಕ್ಕಿಟ್ಟ ಹಳೆಯದನ್ನೇ ಹುಡುಕಿ.