ಮೂರು ಸಾಲು ನಿಂಬೆ, ಮೂರಕ್ಕೂ ಟ್ರಿಸ್ಟೆಜಾ: ಯಾವುದು ತಡೆಯಿತು?

ಇಂಡಿ ಕಡೆ ನಿಂಬೆ ಬೆಳೆಯುವವರು ಟ್ರಿಸ್ಟೆಜಾ ವೈರಸ್ಸಿನ ಕಾಟ ಕಂಡವರೇ. 2017ರಲ್ಲಿ ಮೂರು ಕಡೆಯಿಂದ ಕಾಗ್ಜಿ ನಿಂಬೆ ಸಸಿ ತಂದು, ಒಂದೇ ಹೊಲದಲ್ಲಿ ಹತ್ತು ಹತ್ತು ಗಿಡದ ಮೂರು ಸಾಲು ಹಾಕಿದೆ. ನೀರು, ಗೊಬ್ಬರ ಎಲ್ಲಾ ಒಂದೇ.

ಮೊದಲ ಸಾಲು ಬಯಲು ನರ್ಸರಿಯದ್ದು, ಅಗ್ಗ. ಈ ವೈರಸ್ ಬೀಜದಿಂದ ಬರುವುದಿಲ್ಲ, ಎಳೆ ಚಿಗುರಿಗೆ ಮುತ್ತುವ ಗಿಡಹೇನು ತಂದು ಹಚ್ಚುತ್ತದೆ, ಬಯಲಲ್ಲಿ ಬೆಳೆದ ಸಸಿಗೆ ಅದು ಮೊದಲೇ ತಗುಲಿತ್ತು. ಎಲೆಯನ್ನು ಬಿಸಿಲಿಗೆ ಹಿಡಿದರೆ ನರಗಳು ಅಲ್ಲಲ್ಲಿ ತಿಳಿಯಾಗಿ ಕಾಣುತ್ತಿದ್ದವು. ಮೂರನೇ ವರ್ಷಕ್ಕೆ ಎಲೆ ದೋಣಿಯ ಹಾಗೆ ಮಡಚಿಕೊಂಡಿತು, ಟೊಂಗೆಯ ತೊಗಟೆ ಸುಲಿದರೆ ಒಳಗೆ ಉದ್ದುದ್ದ ಗುಳಿಗಳು. ಕಾಯಿ ಗೋಲಿಯಷ್ಟೇ. ನಾಲ್ಕು ಗಿಡ ಒಣಗಿಯೇ ಹೋದವು.

ಎರಡನೇ ಸಾಲು ಬಲೆಮನೆಯಲ್ಲಿ ಬೆಳೆಸಿದ ಶುದ್ಧ ಸಸಿ. ಮೊದಲ ಎರಡು ವರ್ಷ ಇದರಷ್ಟು ಚೆಂದ ಯಾವುದೂ ಇರಲಿಲ್ಲ. ಆದರೆ ಹೊಲಕ್ಕೆ ಬಂದ ಮೇಲೆ ಬಲೆ ಎಲ್ಲಿದೆ, ಅಲ್ವಾ? ಹೇನು ಪಕ್ಕದ ಸಾಲಿನಿಂದಲೇ ಬಂತು, ವೈರಸ್ಸಿನ ಉಗ್ರ ಸ್ಟ್ರೈನ್ (ಅದರ ಒಂದು ಬಗೆ) ಬಂತು, ಐದನೇ ವರ್ಷದಿಂದ ಇಳುವರಿ ಇಳಿಯಿತು.

ಮೂರನೆಯದಕ್ಕೆ ಸಂಶೋಧನೆ ಮಾಡುವ ಪರಿಚಯದವರೊಬ್ಬರು ಮೆದು ಸ್ಟ್ರೈನನ್ನು ಮೊದಲೇ ಹಚ್ಚಿಕೊಟ್ಟಿದ್ದರು. ವೈರಸ್ಸನ್ನು ಬೇಕಂತಲೇ ಹಚ್ಚುವುದು ಅಂದಾಗ ನನಗೂ ಭಯವಾಗಿತ್ತು. ಆದರೆ ತನ್ನದೇ ಹತ್ತಿರದ ಸ್ಟ್ರೈನ್ ಒಳಗಿದ್ದರೆ ಉಗ್ರವಾದದ್ದು ಸುಲಭಕ್ಕೆ ಬೇರೂರುವುದಿಲ್ಲ, ಬ್ರೆಜಿಲ್‌ನಲ್ಲಿ ಪೆರಾ ಕಿತ್ತಳೆಯನ್ನು ಇದೇ ದಾರಿಯಲ್ಲಿ ಲಕ್ಷಗಟ್ಟಲೆ ಬೆಳೆಸಿದ್ದಾರೆ. ನನ್ನ ಈ ಸಾಲಿನಲ್ಲಿ ಎಲೆಯ ನರದಲ್ಲಿ ಅಲ್ಪ ತಿಳಿ ಗೆರೆ, ಗುಳಿ ಅಲ್ಲೊಂದು ಇಲ್ಲೊಂದು, ಮೊದಮೊದಲು ಬೆಳವಣಿಗೆ ನಿಧಾನ. ಈಗ ಹತ್ತರಲ್ಲಿ ಒಂಬತ್ತು ಗಿಡ ತುಂಬಾ ಕಾಯಿ ಹೊತ್ತು ನಿಂತಿವೆ. ಒಂದು ಮಾತ್ರ ಸೊರಗಿದೆ, ಅಂದರೆ ರಕ್ಷಣೆ ಪೂರ್ತಿ ಅಲ್ಲ, ದೂರದ ಸಂಬಂಧದ ಸ್ಟ್ರೈನ್ ಬಂದರೆ ಈ ಮೆದು ಸ್ಟ್ರೈನ್ ಅದನ್ನು ತಡೆಯುವುದಿಲ್ಲ.

ನನ್ನ ಆಯ್ಕೆ ಮೂರನೆಯದೇ, ಆದರೆ ನಂಬಿಕಸ್ಥರು ಪರೀಕ್ಷಿಸಿ ಕೊಟ್ಟರೆ ಮಾತ್ರ. ಯಾವುದೋ ಗಿಡ ಚೆನ್ನಾಗಿದೆ ಅಂತ ಅದರ ಕಣ್ಣು (ಟೊಂಗೆಯ ಮೊಗ್ಗು) ತಂದು ಸುಮ್ನೆ ಕಸಿ ಮಾಡಬೇಡಿ. ನಿಂಬೆಗೆ ಮೆದುವಾದದ್ದು ಮೋಸಂಬಿಗೆ ಉಗ್ರವಾಗಬಹುದು, ಹುಳಿಕಿತ್ತಳೆ ಬೇರಿನ ಮೇಲೆ ಕಟ್ಟಿದ ಮೋಸಂಬಿ ಕಸಿಗಿಡಗಳನ್ನಂತೂ ಈ ವೈರಸ್ ನಿಂತಲ್ಲೇ ಒಣಗಿಸಬಹುದು. ಪಕ್ಕದವರ ಮೋಸಂಬಿ ತೋಟ ನಮ್ಮ ಬದುವಿಗೆ ತಾಗಿದೆ, ಅದಕ್ಕೇ ಒಣಗಿದ ನಾಲ್ಕು ಗುಂಡಿಗೆ ಮತ್ತೆ ಸಸಿ ಹಾಕುವ ಮುಂಚೆ ಅವರನ್ನೂ ಕೂರಿಸಿಕೊಂಡು ಮಾತಾಡುತ್ತಿದ್ದೇನೆ.