ಜಾಂಗೋ ಟೆಂಪ್ಲೇಟ್ ಕ್ಯಾಶ್, ಪ್ರೀಲೋಡ್: ಮೂರು ಮಳೆಗಾಲ ಬಳಸಿದ ಮೇಲೆ

ಕೊಡಗಿನ ಕಕ್ಕಬ್ಬೆ ಕಡೆ ನಮ್ಮ ದೊಡ್ಡಮ್ಮನದು ಒಂದು ಹೋಂಸ್ಟೇ ಇದೆ. ಅದರ ಬುಕಿಂಗ್ ಸೈಟನ್ನು ಜಾಂಗೋದಲ್ಲಿ, ಅಂದರೆ ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟಿನಲ್ಲಿ, ಮಾಡಿಕೊಟ್ಟವನು ನಾನು. ಮೂರು ಮಳೆಗಾಲ ಆಯಿತು. ಸರ್ವರ್ ಚಿಕ್ಕದು, 1 ಜಿಬಿ ರ‍್ಯಾಮ್, ಸೈಟನ್ನು ಓಡಿಸುವ ಗುನಿಕಾರ್ನ್ ಎಂಬ ಪ್ರೋಗ್ರಾಮಿನಲ್ಲಿ ಮೂರೇ ವರ್ಕರ್ (ಪುಟ ಕೇಳಿದವರಿಗೆ ಉತ್ತರ ಕೊಡುವ ಪ್ರಕ್ರಿಯೆ). ಅದಕ್ಕಿಂತ ದೊಡ್ಡ ಬಿಲ್ಲನ್ನು ದೊಡ್ಡಮ್ಮನ ಮುಂದೆ ಇಡುವುದಕ್ಕೆ ನನಗೆ ಮನಸ್ಸಿಲ್ಲ, ಹಾಗಾಗಿ ಇರುವುದರಲ್ಲೇ ಎಷ್ಟು ಚುರುಕು ಮಾಡಬಹುದು ಎಂದು ನೋಡುತ್ತಾ ಹೋಗಿ ಈ ಪ್ರೀಲೋಡ್ ವಿಷಯಕ್ಕೆ, ಅಂದರೆ ವರ್ಕರ್‌ಗಳು ಹುಟ್ಟುವ ಮೊದಲೇ ಆ್ಯಪನ್ನು ಲೋಡ್ ಮಾಡಿಡುವುದಕ್ಕೆ, ಕೈ ಹಾಕಿದೆ.

ಟೆಂಪ್ಲೇಟ್ ಅಂದರೆ ಪುಟದ ಅಚ್ಚು, ಅದನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುವುದು ಟೆಂಪ್ಲೇಟ್ ಕ್ಯಾಶ್. ಅದನ್ನು ಆನ್ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಟೆಂಪ್ಲೇಟ್ ಹುಡುಕಿ ತರುವ ಲೋಡರ್‌ಗಳ ಪಟ್ಟಿಯನ್ನು ನೀವೇ ಬರೆದುಕೊಳ್ಳದಿದ್ದರೆ ಜಾಂಗೋ 1.11ರಿಂದ, ಅಂದರೆ 2017ರಿಂದ, ಡಿಬಗ್ (ತಪ್ಪು ಹುಡುಕುವ ಮೋಡ್) ಆಫ್ ಇದ್ದಾಗ ಅದು ತಾನಾಗಿಯೇ ಆನ್ ಆಗಿರುತ್ತದೆ. 2022ರ 4.1ರಿಂದ ಡಿಬಗ್ ಆನ್ ಇದ್ದರೂ ಇರುತ್ತದೆ. ತುಂಬ ಜನ ತಪ್ಪು ತಿಳಿಯುವುದು ಒಂದೇ ವಿಷಯ: ಇಲ್ಲಿ ಉಳಿಯುವುದು ತಯಾರಾದ ಪುಟ ಅಲ್ಲ, ಕಂಪೈಲ್ ಆದ, ಅಂದರೆ ಓದಿ ಬಳಸಲು ಸಿದ್ಧ ಮಾಡಿಟ್ಟ, ಟೆಂಪ್ಲೇಟ್. ಹಿಟ್ಟು ರುಬ್ಬಿಟ್ಟಿರುತ್ತದೆ, ದೋಸೆ ಮಾತ್ರ ಬಂದವರಿಗೆಲ್ಲ ಹೊಸದಾಗಿ ಹುಯ್ಯಬೇಕು.

ಆದರೆ ಆ ಹಿಟ್ಟನ್ನು ಒಂದೊಂದು ವರ್ಕರ್ ತಾನೇ ರುಬ್ಬಿಕೊಳ್ಳುತ್ತದೆ, ಅದೂ ಯಾರಾದರೂ ಪುಟ ಕೇಳಿದ ಮೇಲೆ. ಮೆಮೊರಿ ಬೆಳೆಯಬಾರದು ಅಂತ ನಾನು ಇಂತಿಷ್ಟು ರಿಕ್ವೆಸ್ಟ್ ಆದ ಮೇಲೆ ವರ್ಕರ್ ಬದಲಾಗುವ ಹಾಗೆ ಇಟ್ಟಿದ್ದೇನೆ. ಹೊಸ ವರ್ಕರ್ ಬಂದಾಗಲೆಲ್ಲ ಕ್ಯಾಶ್ ಖಾಲಿ. ನಮ್ಮ ಕ್ಯಾಲೆಂಡರ್ ಪುಟದಲ್ಲಿ ಇನ್‌ಕ್ಲೂಡ್‌ಗಳು (ಒಳಗೆ ಸೇರಿಸುವ ಬೇರೆ ಟೆಂಪ್ಲೇಟ್ ತುಂಡುಗಳು) ಜಾಸ್ತಿ, ಹಾಗಾಗಿ ಯಾರೋ ಒಬ್ಬರು ಪ್ರತಿ ಸಲ ಕಾಯಬೇಕಾಗುತ್ತಿತ್ತು. ಅವರು ಸಿಗ್ನಲ್ ಸರಿಯಿಲ್ಲದ ಜಾಗದಿಂದ ನೋಡುತ್ತಿದ್ದರೆ ಕೇಳುವುದೇ ಬೇಡ.

ಗುನಿಕಾರ್ನ್‌ನ ಪ್ರೀಲೋಡ್ ಆನ್ ಮಾಡಿ, ಆ್ಯಪ್ ಲೋಡ್ ಆಗುವಾಗಲೇ ಟೆಂಪ್ಲೇಟ್‌ಗಳನ್ನೆಲ್ಲ ಕಂಪೈಲ್ ಮಾಡುವ ನಾಲ್ಕು ಸಾಲು ಬರೆದೆ. ವರ್ಕರ್‌ಗಳನ್ನು ಹುಟ್ಟಿಸುವ ಮಾಸ್ಟರ್ ಒಂದೇ ಸಲ ರುಬ್ಬುತ್ತದೆ, ಅದರಿಂದ ಫೋರ್ಕ್ ಆದ (ನಕಲಾಗಿ ಹುಟ್ಟಿದ) ವರ್ಕರ್‌ಗಳಿಗೆ ಸಿದ್ಧವಾಗಿ ಸಿಗುತ್ತದೆ, ನಡುವೆ ಹುಟ್ಟುವ ಹೊಸ ವರ್ಕರ್‌ಗೂ ಸಿಗುತ್ತದೆ. ಮೊದಲು ಮುಖ್ಯ ಪುಟಗಳನ್ನು ಮಾತ್ರ ಕೊಟ್ಟಿದ್ದೆ, ಪೂರ್ತಿ ಫಲ ಸಿಗಲಿಲ್ಲ. ಯಾಕೆಂದರೆ ಎಕ್ಸ್‌ಟೆಂಡ್ಸ್‌ನಲ್ಲಿ ಬರುವ, ಪುಟಗಳಿಗೆಲ್ಲ ಚೌಕಟ್ಟಾಗುವ ಬೇಸ್ ಫೈಲು, ಇನ್‌ಕ್ಲೂಡ್‌ನಲ್ಲಿ ಬರುವ ತುಂಡುಗಳು ಕಂಪೈಲ್ ಹೊತ್ತಿನಲ್ಲಿ ಅಲ್ಲ, ಪುಟ ರೆಂಡರ್ (ತಯಾರು) ಆಗುವಾಗ ಲೋಡ್ ಆಗುತ್ತವೆ. ಟೆಂಪ್ಲೇಟ್ ಫೋಲ್ಡರ್ ಪೂರ್ತಿ ಸುತ್ತಿ ಪ್ರತಿ ಫೈಲನ್ನೂ ಕೊಡಬೇಕು. ಹಾಗೆ ಮಾಡುವಾಗ ಮಾಸ್ಟರ್‌ನಲ್ಲಿ ಡೇಟಾಬೇಸ್ ಕನೆಕ್ಷನ್ ಮಾತ್ರ ತೆರೆಯಬೇಡಿ. ಫೋರ್ಕ್ ಆದ ಮೇಲೆ ಎಲ್ಲ ವರ್ಕರ್‌ಗಳೂ ಅದೊಂದನ್ನೇ ಹಿಡಿದುಕೊಂಡು ಕೂರುತ್ತವೆ.

ಕಂಪೈಲ್ ಆದ ಫೈಲಿನ ಹೆಸರು ಲಾಗ್‌ನಲ್ಲಿ ಬರುವ ಹಾಗೆ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಬೆಲ್ಲದ ಕಾಫಿ ಲೋಟ ಪಕ್ಕದಲ್ಲಿಟ್ಟು ಸೈಟ್ ಅಪ್‌ಡೇಟ್ ಮಾಡುತ್ತೇನೆ. ಹೊರಗೆ ಹೆಂಚಿನ ಮೇಲೆ ಮಳೆ, ಒಳಗೆ ಹೆಸರುಗಳು ಒಂದರ ಹಿಂದೆ ಒಂದು ಸಾಲಾಗಿ ಇಳಿಯುತ್ತವೆ. ಕೊನೆಯ ಹೆಸರು ಬರುವ ತನಕ ಸುಮ್ನೆ ನೋಡುತ್ತಾ ಕೂರುತ್ತೇನೆ. ಆಮೇಲೆ ಫೋನಿನಲ್ಲಿ ಕ್ಯಾಲೆಂಡರ್ ಪುಟ ತೆರೆದರೆ ಮೊದಲನೇ ಸಲವೇ ತಟ್ಟನೆ ಬರುತ್ತದೆ. ಎರಡು ವರ್ಷ ಅದೇ ಸಂತೋಷದಲ್ಲಿದ್ದೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ದೊಡ್ಡಮ್ಮನ ಫೋನ್ ಬಂತು. ನಾಪೋಕ್ಲು–ಮೂರ್ನಾಡು ರಸ್ತೆಗೆ ಕಾವೇರಿ ನೀರು ಹತ್ತಿದೆ, ಬರುವವರಿಗೆ ಹೇಳು ಎಂದರು. ಮುಖಪುಟದ ಟೆಂಪ್ಲೇಟಿನಲ್ಲೇ ಕೆಂಪು ಅಕ್ಷರದಲ್ಲಿ ಬರೆದೆ: ‘ಮೂರ್ನಾಡು ಕಡೆಯಿಂದ ಬರಬೇಡಿ, ವಿರಾಜಪೇಟೆ ಮೇಲೆ ಬನ್ನಿ.’ ಒಂದೇ ಸಾಲಲ್ಲವೇ ಎಂದು ರೀಸ್ಟಾರ್ಟ್ ಮಾಡದೆ ರೀಲೋಡ್ ಮಾತ್ರ ಕೊಟ್ಟೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಮಲಗಿದೆ.

ಬೆಳಿಗ್ಗೆ ಮತ್ತೆ ಫೋನ್. “ಮಗಾ, ಬೋರ್ಡ್ ಹಾಕ್ತೀನಿ ಅಂದ್ಯಲ್ಲ, ಎಲ್ಲಿ ಹಾಕಿದ್ದೀಯ? ಮೈಸೂರಿನವರು ಚಿಕ್ಕ ಮಗು ಕರ್ಕೊಂಡು ನೀರಿನ ತನಕ ಹೋಗಿ ವಾಪಸ್ ಬಂದಿದ್ದಾರೆ.”

ಸೈಟ್ ನೋಡಿದರೆ ಹಳೇ ಪುಟವೇ. ರೀಲೋಡ್ ಅಂದರೆ ಹಪ್ ಸಿಗ್ನಲ್: ಮಾಸ್ಟರ್ ನಿಲ್ಲದೆ ವರ್ಕರ್‌ಗಳನ್ನು ಮಾತ್ರ ಬದಲಿಸು ಎಂಬ ಸೂಚನೆ. ಪ್ರೀಲೋಡ್ ಇಲ್ಲದಿದ್ದರೆ ಹೊಸ ವರ್ಕರ್‌ಗಳು ಎಲ್ಲವನ್ನೂ ಹೊಸದಾಗಿ ಓದುತ್ತವೆ. ಪ್ರೀಲೋಡ್ ಇದ್ದರೆ ಹುಟ್ಟುವುದು ಹಳೇ ಮಾಸ್ಟರ್‌ನಿಂದಲೇ, ಅದರ ಹಳೇ ಕ್ಯಾಶ್ ಹೊತ್ತುಕೊಂಡೇ. ಪ್ರೀಲೋಡ್ ಇದ್ದಾಗ ಹಪ್‌ನಿಂದ ಹೊಸ ಕೋಡ್ ಬರುವುದಿಲ್ಲ ಎಂದು ಗುನಿಕಾರ್ನ್ ದಾಖಲೆಯಲ್ಲಿ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇದು ಯಾವತ್ತೂ ಕಾಣಲಿಲ್ಲ, ಅಲ್ಲಿ ಫೈಲ್ ಬದಲಾದ ತಕ್ಷಣ ಜಾಂಗೋ ತಾನೇ ಕ್ಯಾಶ್ ಖಾಲಿ ಮಾಡುತ್ತದೆ. ಅದುವರೆಗಿನ ನನ್ನ ಅಪ್‌ಡೇಟ್‌ಗಳಲ್ಲಿ ಪೈಥಾನ್ ಕೋಡೂ ಬದಲಾಗುತ್ತಿತ್ತು, ಪೂರ್ತಿ ರೀಸ್ಟಾರ್ಟ್ ಮಾಡುತ್ತಿದ್ದೆ. ಬರೀ ಒಂದು ಸಾಲು ಬದಲಿಸಿದ ರಾತ್ರಿಯೇ ಹೀಗಾಯಿತು. ಆ ಮಗುವಿನ ವಿಷಯ ಈಗಲೂ ಮನಸ್ಸಿನಿಂದ ಹೋಗಿಲ್ಲ.

ಪ್ರೀಲೋಡ್ ತೆಗೆದು ಒಂದು ತಿಂಗಳು ಓಡಿಸಿದೆ. ಕ್ಯಾಲೆಂಡರ್ ಪುಟ ಮತ್ತೆ ಮೊದಲಿನ ಹಾಗೇ ಆಯಿತು, ತಡೆಯಲಾರದೆ ವಾಪಸ್ ಹಾಕಿದೆ. ಈಗ ರೀಲೋಡ್ ಆಜ್ಞೆಯನ್ನೇ ತೆಗೆದು ಹಾಕಿದ್ದೇನೆ, ರೀಸ್ಟಾರ್ಟ್ ಮಾತ್ರ. ಕೆಲವು ಸೆಕೆಂಡು ಸೈಟ್ ಸಿಗುವುದಿಲ್ಲ, ನಮ್ಮಷ್ಟು ಚಿಕ್ಕ ಹೋಂಸ್ಟೇಗೆ ಅದು ನಡೆಯುತ್ತದೆ. ದಿನಾ ಟೆಂಪ್ಲೇಟ್ ತಿದ್ದುವವರಿಗೆ, ಒಂದು ಕ್ಷಣವೂ ಸೈಟ್ ನಿಲ್ಲಬಾರದು ಎನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ.

ರಸ್ತೆಯ ಸೂಚನೆ ಈಗ ಟೆಂಪ್ಲೇಟಿನಲ್ಲಿ ಇಲ್ಲ, ಡೇಟಾಬೇಸಿನಲ್ಲಿದೆ. ಅಡ್ಮಿನ್ ಪುಟದಲ್ಲಿ ಒಂದೇ ಡಬ್ಬಿ. ಹೊಳೆ ಏರಿದ ದಿನ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ತಮ್ಮ ಫೋನಿನಲ್ಲಿ ತಾವೇ ಟೈಪ್ ಮಾಡುತ್ತಾರೆ.