ಚೂರಿ ಮಾಡಲು ಯಾವ ಬೆಲ್ಟ್ ಗ್ರೈಂಡರ್? ರೆಡಿಮೇಡ್, ವೆಲ್ಡಿಂಗ್ ಅಂಗಡಿಯದು, ಕಿಟ್: ಮೂರನ್ನೂ ಬಳಸಿದ ಮೇಲೆ

ಅಡುಗೆ ಚೂರಿಯ ಅಲಗನ್ನು ಅರದಿಂದ ಉಜ್ಜಿ ಇಳಿಸುವುದು ಒಂದು ಹಂತದವರೆಗೆ ಖುಷಿಯ ಕೆಲಸ. ಲಾರಿಯ ಸ್ಪ್ರಿಂಗ್ ಪಟ್ಟಿಯಂಥ ದಪ್ಪ ಉಕ್ಕು ಕೈಗೆ ಬಂದರೆ ಮಾತ್ರ ಬೆಲ್ಟ್ ಗ್ರೈಂಡರ್, ಅಂದರೆ ಚಕ್ರಗಳ ಮೇಲೆ ಓಡುವ ಉಜ್ಜುಕಾಗದದಂಥ ಪಟ್ಟಿಯಿಂದ ಉಕ್ಕು ತೇಯುವ ಮೆಷಿನ್, ಬೇಕೇ ಬೇಕು. ನಾನು ಮೂರು ಥರದ್ದನ್ನು ಬಳಸಿದ್ದೇನೆ. ಈಗ ಹೆಚ್ಚು ಹೊತ್ತು ನಿಲ್ಲುವುದು ಕಿಟ್ ತರಿಸಿ ನಾನೇ ಜೋಡಿಸಿದ ಮೆಷಿನ್ ಮುಂದೆ.

ಪುಟ್ಟ ರೆಡಿಮೇಡ್ ಮೆಷಿನ್ ಬಗ್ಗೆ ಹೇಳುವುದು ಕಡಿಮೆ. 1 ಇಂಚು ಅಗಲ, 30 ಇಂಚು ಉದ್ದದ ಬೆಲ್ಟ್, ಒಂದೇ ವೇಗ. ಸಾಣೆ ಹಿಡಿಯಲು, ಹಿಡಿಯ ಮರವನ್ನು ದುಂಡಗೆ ಮಾಡಲು ಚೆನ್ನಾಗಿದೆ. ಅಲಗನ್ನು ಸ್ವಲ್ಪ ಒತ್ತಿದರೆ ಮೋಟರ್ ಸೋಲುತ್ತದೆ. ಬೆಲ್ಟ್ ಕಿರಿದಾದ್ದರಿಂದ ಅಗಲವಾದ ಅಲಗಿನ ಮೇಲೆ ಗೆರೆಗೆರೆಯಾಗಿ ಏರುತಗ್ಗು ಉಳಿಯುತ್ತದೆ. ಆಮೇಲೆ ಅದನ್ನೆಲ್ಲ ಕೈಯಲ್ಲೇ ಉಜ್ಜಿ ತೆಗೆಯಬೇಕು.

ಉಳಿದೆರಡೂ 2 ಇಂಚು ಅಗಲ, 72 ಇಂಚು ಉದ್ದದ ಬೆಲ್ಟಿನವು. ಚೂರಿ ಮಾಡುವವರು ಜಾಸ್ತಿ ಬಳಸುವ ಅಳತೆ ಇದು. ಉದ್ದದ ಬೆಲ್ಟ್ ತಿರುಗಿ ಬರುವಷ್ಟರಲ್ಲಿ ಕೊಂಚ ಆರುತ್ತದೆ, ಬಾಳಿಕೆಯೂ ಹೆಚ್ಚು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಚೌಕಟ್ಟು ಒಳ್ಳೇ ತೂಕದ್ದು. ಅಷ್ಟು ಭಾರ ಇದ್ದರೆ ನಡುಕ ಕಡಿಮೆ, ಈ ವಿಷಯದಲ್ಲಿ ಅದು ಕಿಟ್‌ಗಿಂತ ಮೇಲು. ಖರ್ಚೂ ಕಡಿಮೆಯಾಯಿತು. ತೊಂದರೆ ಬಂದದ್ದು ಚಕ್ರದಲ್ಲಿ. ಬೆಲ್ಟ್ ಜಾರದೆ ನಡುವೆ ಓಡಬೇಕಾದರೆ ಮೇಲಿನ ಚಕ್ರದ ಮೈ ನಡುವೆ ತುಸು ಉಬ್ಬಿರಬೇಕು. ಲೇತ್‌ನಲ್ಲಿ ಸಪಾಟಾಗಿ ಬಂದಿತ್ತು. ಅದರ ಜೊತೆ ವೆಲ್ಡಿಂಗ್ ಬಿಸಿಗೆ ಚೌಕಟ್ಟು ಎಳೆದುಕೊಂಡು, ಚಕ್ರಗಳ ಅಚ್ಚುಗಳು ಒಂದಕ್ಕೊಂದು ಸಮಾನಾಂತರವಾಗಿರಲಿಲ್ಲ. ಬೆಲ್ಟ್ ಹಾಕಿ ಸ್ವಿಚ್ ಒತ್ತಿದರೆ ಪಕ್ಕಕ್ಕೆ ಸರಿದು ಅಂಚು ಹರಿಯುತ್ತಿತ್ತು. ಚಕ್ರವನ್ನು ಮತ್ತೆ ಲೇತ್‌ಗೆ ಹಾಕಿಸಿ, ಅಚ್ಚಿನ ಕೆಳಗೆ ತೆಳು ತಗಡು ಕೊಟ್ಟ ಮೇಲೆ ಸರಿಹೋಯಿತು.

ಕಿಟ್‌ನಲ್ಲಿ ಈ ರಗಳೆಯೇ ಇಲ್ಲ. ಲೇಸರ್‌ನಲ್ಲಿ ಕತ್ತರಿಸಿದ ಪ್ಲೇಟ್‌ಗಳು, ತೂತುಗಳು ಜಾಗಕ್ಕೆ ಸರಿಯಾಗಿ ಕೂರುತ್ತವೆ, ಬೋಲ್ಟ್ ಬಿಗಿದರೆ ಆಯಿತು. ಗುಬುಟು ತಿರುಗಿಸಿದಂತೆ ಬೆಲ್ಟ್ ಕೂದಲೆಳೆಯಷ್ಟು ಅತ್ತಿತ್ತ ಸರಿದು ನಿಲ್ಲುತ್ತದೆ. ಅಲಗಿನ ಇಳಿಜಾರು ಎರಡೂ ಬದಿ ಒಂದೇ ಎತ್ತರದಲ್ಲಿ ಮುಗಿಯಬೇಕು ಅಂದರೆ ಇಷ್ಟು ಸ್ಥಿರತೆ ಇರಲೇಬೇಕು. ನನ್ನ ಕಿಟ್‌ನ ಚಕ್ರಗಳಲ್ಲಿ ಇರುವುದು 6202 ಬೇರಿಂಗ್. ಸೀಲಿಂಗ್ ಫ್ಯಾನ್‌ಗಳಲ್ಲೂ ಇದನ್ನೇ ಹಾಕುತ್ತಾರೆ, ಹಾಗಾಗಿ ಯಾವ ಊರಲ್ಲಾದರೂ ಸಿಗುತ್ತದೆ.

ಕಿಟ್ ಜೊತೆ ಮೋಟರ್ ಬಂದಿರಲಿಲ್ಲ, ಅದು ಒಳ್ಳೆಯದೇ ಆಯಿತು. 2 ಎಚ್‌ಪಿ ತ್ರೀ ಫೇಸ್ ಮೋಟರ್, ಅದಕ್ಕೆ ಮನೆಯ ಸಿಂಗಲ್ ಫೇಸ್‌ನಿಂದ ಓಡುವ ವಿಎಫ್‌ಡಿ (ಮೋಟರ್ ವೇಗವನ್ನು ಬೇಕಾದಷ್ಟು ಏರಿಸಿ ಇಳಿಸುವ ಪೆಟ್ಟಿಗೆ) ಹಾಕಿದೆ. ಇಲ್ಲಿ ಒಂದು ಮಾತು ಗಮನಿಸಿ. ನಮ್ಮಲ್ಲಿ ಸಿಗುವ ಸಣ್ಣ ತ್ರೀ ಫೇಸ್ ಮೋಟರ್‌ಗಳು ಸಾಮಾನ್ಯವಾಗಿ 415 ವೋಲ್ಟ್‌ಗೆ ಸ್ಟಾರ್ ಜೋಡಣೆಯಲ್ಲಿ (ಮೂರು ಸುರುಳಿಗಳ ಒಂದೊಂದು ತುದಿ ಒಟ್ಟಿಗೆ ಕಟ್ಟಿ) ಇರುತ್ತವೆ. ಈ ವಿಎಫ್‌ಡಿ ಕೊಡುವುದು 230 ವೋಲ್ಟ್. ಹಾಗೇ ಜೋಡಿಸಿದರೆ ಬಲ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಮೋಟರಿನ ವೈರಿಂಗ್ ಡಬ್ಬಿಯೊಳಗೆ ಸುರುಳಿಗಳ ಆರು ತುದಿಯೂ ಇರುವ, 230 ವೋಲ್ಟ್‌ಗೆ ಹೊಂದುವ ಡೆಲ್ಟಾ ಜೋಡಣೆಗೆ ಬದಲಿಸಬಹುದಾದ ಮೋಟರನ್ನೇ ಕೇಳಿ ತನ್ನಿ. 16 ಆಂಪಿಯರ್ ಲೈನ್, ಸರಿಯಾದ ಅರ್ಥಿಂಗ್ ಎರಡೂ ಇರಲಿ. ವಿಎಫ್‌ಡಿಯನ್ನು ಗ್ರೈಂಡರ್‌ನಿಂದ ದೂರ ಇಡಿ. ಉಕ್ಕಿನ ಪುಡಿ ಒಳಗೆ ಹೋದರೆ ಶಾರ್ಟ್ ಆಗುತ್ತದೆ.

ಈ ಖರ್ಚು ಯಾಕೆ ಅಂದರೆ, 4 ಇಂಚಿನ ಚಕ್ರ ನಿಮಿಷಕ್ಕೆ 2800 ಸುತ್ತಿನಲ್ಲಿ ಬೆಲ್ಟನ್ನು ಸೆಕೆಂಡಿಗೆ ಸುಮಾರು 15 ಮೀಟರ್ ಓಡಿಸುತ್ತದೆ. ಒರಟು ಬೆಲ್ಟ್ ಹಾಕಿ ಉಕ್ಕು ತೆಗೆಯಲು ಅದು ಬೇಕು. ಹದ ಹಾಕಿದ (ಕಾಯಿಸಿ, ಅದ್ದಿ ಗಟ್ಟಿ ಮಾಡಿದ) ಅಲಗಿಗೆ ಅದೇ ವೇಗ ಕೊಟ್ಟರೆ ಬಾಯಿಯ ತೆಳು ಅಂಚು ಕಣ್ಣೆದುರೇ ಹಳದಿ, ಕಂದು, ನೇರಳೆ, ನೀಲಿಗೆ ತಿರುಗುತ್ತದೆ. ನೀಲಿಯಾದ ಕಡೆ ಉಕ್ಕು ಮೆತ್ತಗಾಗಿದೆ ಅಂತಲೇ ಲೆಕ್ಕ. ವಿಎಫ್‌ಡಿಯಲ್ಲಿ 15 ಹರ್ಟ್ಜ್‌ಗೆ ಇಳಿಸಿ, ಹೊಸ ಬೆಲ್ಟ್ ಹಾಕಿ, ಗ್ಲೌಸ್ ಇಲ್ಲದ ಬೆರಳಲ್ಲಿ ಹಿಡಿದು, ಬಿಸಿ ತಾಗಿದ ಕೂಡಲೇ ಬಕೆಟ್ ನೀರಿಗೆ ಅದ್ದುತ್ತಾ ಹೋದರೆ ಹದ ಉಳಿಯುತ್ತದೆ. ಒಂದೇ ವೇಗದ ಮೆಷಿನ್‌ನಲ್ಲಿ ಇದು ನಿಜಕ್ಕೂ ಕಷ್ಟ. ಮಾಸ್ಕ್, ಕನ್ನಡಕ ಮೂರಕ್ಕೂ ಕಡ್ಡಾಯ.

ದುಡ್ಡು ಬಿಗಿ ಇದ್ದು, ಹತ್ತಿರದಲ್ಲಿ ಕೈ ಪಳಗಿದ ವೆಲ್ಡರ್ ಇದ್ದರೆ ನಡುವಿನ ದಾರಿಯೂ ಇದೆ ಅಲ್ವಾ: ಚಕ್ರಗಳ ಸೆಟ್ ಮಾತ್ರ ತರಿಸಿಕೊಳ್ಳಿ, ಚೌಕಟ್ಟು ಅಲ್ಲೇ ಮಾಡಿಸಿ. ಅಚ್ಚುಗಳ ತೂತನ್ನು ಮಾತ್ರ ವೆಲ್ಡಿಂಗ್ ಪೂರ್ತಿ ಮುಗಿದ ಮೇಲೆ ಕೊರೆಯಲು ಹೇಳಿ.